ಬೇಸ್‌ಬಾಲ್ ಟ್ರ್ಯಾಕಿಂಗ್ ಸಾಧನ: ಪಂದ್ಯಕ್ಕೂ ಅಭ್ಯಾಸಕ್ಕೂ ಒಂದೇ ಸಾಕೇ, ಎಲ್ಲಿ ನಿಲ್ಲಿಸಬೇಕು?

ಎರಡನೇ ಬೇಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಹವ್ಯಾಸಿ ಬೇಸ್‌ಬಾಲ್ ಕ್ಲಬ್ಬಿನಲ್ಲಿ ಸಹಾಯಕ ತರಬೇತುದಾರ. ನಮ್ಮಲ್ಲಿರುವವರೆಲ್ಲ 13ರಿಂದ 17 ವರ್ಷದ ಹುಡುಗರು. ಈವರೆಗೆ ನಾವು ಬಳಸುತ್ತಿದ್ದುದು ಕೈಯಲ್ಲಿ ಹಿಡಿಯುವ ಒಂದು ರಾಡಾರ್ ಗನ್ ಮತ್ತು ಮೊಬೈಲ್ ಕ್ಯಾಮೆರಾ ಮಾತ್ರ. ಈಗ ಉಪಕರಣಕ್ಕೆಂದೇ ಕ್ಲಬ್ ಹಣ ತೆಗೆದಿಟ್ಟಿದೆ. ಇಂಥ ಅವಕಾಶ ಮತ್ತೆ ಯಾವಾಗ ಬರುತ್ತದೋ ತಿಳಿಯದು, ಆದ್ದರಿಂದ ಯೋಚಿಸಿ ಖರ್ಚು ಮಾಡಬೇಕಾಗಿದೆ.

ಪಿಚ್‌ನ (ಬ್ಯಾಟರ್ ಕಡೆಗೆ ಎಸೆದ ಚೆಂಡಿನ) ವೇಗ, ಸ್ಪಿನ್ (ಚೆಂಡಿನ ತಿರುಗುವಿಕೆ), ಬ್ಯಾಟಿನಿಂದ ಚೆಂಡು ಹೊರಟ ವೇಗ, ಹೊರಟ ಕೋನ ಇವೆಲ್ಲ ಅಭ್ಯಾಸದಲ್ಲೂ ಬೇಕು, ಪಂದ್ಯದಲ್ಲೂ ಬೇಕು ಎಂಬುದು ಮುಖ್ಯ ತರಬೇತುದಾರರ ಆಸೆ. ಒಂದೇ ಸಾಧನ ಎರಡಕ್ಕೂ ಆಗುತ್ತದೆಯೇ? ಅದನ್ನು ಎಲ್ಲಿ ನಿಲ್ಲಿಸಬೇಕು? ನಮ್ಮಲ್ಲಿ ತಂತ್ರಜ್ಞರು ಯಾರೂ ಇಲ್ಲ, ಪಂದ್ಯದ ದಿನ ಒಬ್ಬಿಬ್ಬರು ಪೋಷಕರು ಸಹಾಯಕ್ಕೆ ಬರುತ್ತಾರೆ, ಅಷ್ಟೇ. ಸ್ವತಃ ಇಂಥ ವ್ಯವಸ್ಥೆ ನಡೆಸಿದವರು ದಯವಿಟ್ಟು ತಿಳಿಸಿ.

ಬುಲ್‌ಪೆನ್ ಮೂಲೆ

ಸರ್, ನಾನು ಪಿಚರ್‌ಗಳ (ಚೆಂಡು ಎಸೆಯುವವರ) ಅಭ್ಯಾಸಕ್ಕೂ ಪಂದ್ಯಗಳಿಗೂ ಈ ಸಾಧನಗಳನ್ನು ಜೋಡಿಸುವ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನೀವು ಕೇಳದಿರುವ ಒಂದು ಮಾತು ಹೇಳಬೇಕು: ಯಾವ ಸಾಧನ ಕೊಂಡರೂ ಅದರ ಅಂಕಿಗಳ ಯೋಗ್ಯತೆ ನಿರ್ಧಾರವಾಗುವುದು ನೀವು ನೆಲದ ಮೇಲೆ ಹಿಡಿಯುವ ಅಳತೆ ಟೇಪಿನಿಂದ. ಹಣವನ್ನೆಲ್ಲ ಪೆಟ್ಟಿಗೆಗೆ ಸುರಿದು, ಅಳತೆಯನ್ನು ಕಣ್ಣಂದಾಜಿಗೆ ಬಿಡುವ ತಂಡಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದೊಡ್ಡವರ ವ್ಯವಸ್ಥೆಯನ್ನೇ ನೋಡಿ. 2015ರಲ್ಲಿ ಅಮೆರಿಕದ ಮೇಜರ್ ಲೀಗಿನ 30 ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಎಂಬ ಅಳತೆ ವ್ಯವಸ್ಥೆ ಬಂದಾಗ ಚೆಂಡಿನ ಜಾಡು ಹಿಡಿಯುತ್ತಿದ್ದುದು ಟ್ರ್ಯಾಕ್‌ಮ್ಯಾನ್ ಕಂಪನಿಯ ಡಾಪ್ಲರ್ ರಾಡಾರ್, ಆಟಗಾರರ ಜಾಡು ಹಿಡಿಯುತ್ತಿದ್ದುದು ಕ್ಯಾಮೆರಾಗಳು. 2020ರಲ್ಲಿ ಆ ಜಾಗಕ್ಕೆ ಹಾಕ್-ಐ ಬಂತು. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂ ತೀರ್ಪಿಗೆ ನಾವೆಲ್ಲ ನೋಡುವ ಅದೇ ಹಾಕ್-ಐ. ಮೈದಾನದ ಸುತ್ತ 12 ಕ್ಯಾಮೆರಾ. ಅವೆಲ್ಲ ಒಮ್ಮೆ ಕೂತ ಜಾಗದಿಂದ ಕದಲುವುದಿಲ್ಲ, ಯಾವುದು ಎಲ್ಲಿದೆ ಎಂಬುದು ಗಣಕಕ್ಕೆ ನಿಖರವಾಗಿ ಗೊತ್ತಿರುತ್ತದೆ. ನಿಮ್ಮ ಸಾಧನವಾದರೋ ಪ್ರತಿ ದಿನ ಚೀಲದಿಂದ ಹೊರಬಂದು ಹೊಸ ಜಾಗದಲ್ಲಿ ನಿಲ್ಲುತ್ತದೆ. ಅವರು ಒಮ್ಮೆ ಮಾಡಿ ಮುಗಿಸಿದ ಕೆಲಸವನ್ನು ನೀವು ದಿನಾ ಮಾಡಬೇಕು.

ಇನ್ನು ಒಂದೇ ಸಾಧನ ಸಾಕೇ ಎಂಬ ಪ್ರಶ್ನೆ. ಸಾಕು ಎನ್ನುವುದು ಕಷ್ಟ. ಕಾರಣ ಸಾಧನದ ಗುಣಮಟ್ಟವಲ್ಲ, ಅದು ನಿಲ್ಲುವ ಜಾಗ. ಉದಾಹರಣೆಗೆ, ರ‍್ಯಾಪ್ಸೋಡೊ ಕಂಪನಿಯ ಪಿಚಿಂಗ್ 2.0 ಸಾಧನ ಹೋಮ್ ಪ್ಲೇಟಿನ (ಬ್ಯಾಟರ್ ನಿಲ್ಲುವಲ್ಲಿ ನೆಲದಲ್ಲಿರುವ ಹಲಗೆಯ) ಮುಂದೆ, ಪಿಚರ್ ಮತ್ತು ಕ್ಯಾಚರ್ (ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವವನು) ನಡುವೆ ನೆಲದ ಮೇಲೆ ಕೂರುತ್ತದೆ. ಅಭ್ಯಾಸಕ್ಕೆ ಸೊಗಸಾದ ಜಾಗ. ಚೆಂಡು ಅದರ ಮೇಲಿನಿಂದಲೇ ಹಾದುಹೋಗುವುದರಿಂದ ಕ್ಯಾಮೆರಾಗೆ ಹೊಲಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಪಂದ್ಯದಲ್ಲಿ ಆಟದ ನಡುವೆ ಪೆಟ್ಟಿಗೆ ಇಡಲು ಯಾವ ಅಂಪೈರೂ ಬಿಡುವುದಿಲ್ಲ, ಬಿಡಲೂಬಾರದು. ಪಂದ್ಯಕ್ಕೆ ಬೇಕಾದುದು ಹೋಮ್ ಪ್ಲೇಟಿನ ಹಿಂದೆ, ಬ್ಯಾಕ್‌ಸ್ಟಾಪ್ ಬಲೆಯ ಆಚೆ ನಿಂತು ಮೈದಾನದತ್ತ ನೋಡುವ ರಾಡಾರ್. ಅಂಥದ್ದನ್ನು ಅಭ್ಯಾಸಕ್ಕೂ ಬಳಸಬಹುದು, ಆದರೆ ಬೆಲೆ ಬೇರೆಯೇ ಮಟ್ಟದ್ದು. ಆದ್ದರಿಂದ ನನ್ನ ಸಲಹೆ: ಸ್ಪಿನ್ ಅಭ್ಯಾಸದಲ್ಲಿ ಮಾತ್ರ ಅಳೆಯಿರಿ. ಪಂದ್ಯದಲ್ಲಿ ವೇಗ, ಪಿಚ್‌ನ ಬಗೆ, ಬಿದ್ದ ಜಾಗ ಮತ್ತು ಫಲಿತಾಂಶ ಇಷ್ಟು ದಾಖಲಾದರೆ ನಿಮ್ಮ ವಯಸ್ಸಿನ ತಂಡಕ್ಕೆ ಧಾರಾಳವಾಯಿತು. ಅದಕ್ಕೆ ಟ್ರೈಪಾಡಿನ ಮೇಲೊಂದು ರಾಡಾರ್, ಒಂದು ಕ್ಯಾಮೆರಾ, ತಾಳ್ಮೆ ಇರುವ ಒಬ್ಬ ಮನುಷ್ಯ ಸಾಕು.

ಜೋಡಿಸುವ ವಿಧಾನವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಎಲ್ಲರೂ ಎಡವುವುದು ಇಲ್ಲೇ.

ಮೊದಲು ದೂರ. ಪೂರ್ಣ ಅಳತೆಯ ಮೈದಾನದಲ್ಲಿ ಪಿಚರ್ ದೂರ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್. ಇದನ್ನು ಅಳೆಯುವುದು ಹೋಮ್ ಪ್ಲೇಟಿನ ಹಿಂಬದಿಯ ಚೂಪು ತುದಿಯಿಂದ ಪಿಚರ್ ಮೆಟ್ಟುವ ರಬ್ಬರಿನ ಮುಂಅಂಚಿನವರೆಗೆ. ಪ್ಲೇಟಿನ ಮುಂಅಂಚಿನಿಂದ ಟೇಪ್ ಹಿಡಿದರೆ ಅಲ್ಲೇ 43 ಸೆಂಟಿಮೀಟರ್ ವ್ಯತ್ಯಾಸ ಬಂದುಬಿಡುತ್ತದೆ. ಬುಲ್‌ಪೆನ್‌ನಲ್ಲಿ (ಪಿಚರ್‌ಗಳು ಅಭ್ಯಾಸ ಮಾಡುವ ಜಾಗದಲ್ಲಿ) ಪ್ಲೇಟನ್ನು ಸುಮ್ಮನೆ ನೆಲದ ಮೇಲೆ ಇಟ್ಟಿರುತ್ತಾರಾದ್ದರಿಂದ ದಿನಾ ಒಂದೊಂದು ಗೇಣು ಸರಿದಿರುತ್ತದೆ. ಅಳೆಯದೆ ಶುರು ಮಾಡಬೇಡಿ.

ಆಮೇಲೆ ಗೆರೆ. ಪ್ಲೇಟಿನ ಚೂಪು ತುದಿಯಿಂದ ರಬ್ಬರಿನ ನಡುಬಿಂದುವಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ. ಸಾಧನದ ನಡುಭಾಗ ಆ ದಾರದ ಮೇಲೇ ಬರಬೇಕು, ಮುಖ ಆ ದಾರದ ದಿಕ್ಕಿಗೇ ಇರಬೇಕು. ಗಾರೆಯವರು ಬಳಸುವ ರಸಮಟ್ಟವನ್ನು ಸಾಧನದ ಮೇಲಿಟ್ಟು ಎಡ-ಬಲ, ಹಿಂದೆ-ಮುಂದೆ ಎರಡೂ ಕಡೆ ಗುಳ್ಳೆ ನಡುವೆ ಬರುವವರೆಗೆ ಸರಿಪಡಿಸಿ. ಸಾಧನ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದ್ದರೂ 18 ಮೀಟರ್ ದೂರದಲ್ಲಿ ಅದು ಸುಮಾರು 31 ಸೆಂಟಿಮೀಟರ್ ತಪ್ಪಾಗಿ ಬೆಳೆದಿರುತ್ತದೆ. ಪ್ಲೇಟಿನ ಅಗಲವೇ 43 ಸೆಂಟಿಮೀಟರ್. ಅಂದರೆ ಪ್ಲೇಟಿನ ಹಿಂದೆ ನಿಂತ ರಾಡಾರ್ ಒಂದು ಡಿಗ್ರಿ ಓರೆಯಾದರೆ ಪಿಚರ್ ಚೆಂಡು ಬಿಟ್ಟ ಜಾಗವನ್ನು ಅಷ್ಟೊಂದು ಪಕ್ಕಕ್ಕೆ ತೋರಿಸುತ್ತದೆ. ಆಗ ಒಬ್ಬ ಹುಡುಗನ ಕೈ ಹೊರಳಿದೆ ಎಂದು ನೀವು ಸುಮ್ಮಸುಮ್ಮನೆ ತಿದ್ದಲು ಹೊರಡುತ್ತೀರಿ. ಇದೇ ನನಗೆ ಭಯ.

ಎಲ್ಲ ಮುಗಿದ ಮೇಲೆ ರಬ್ಬರಿನ ನಾಲ್ಕೂ ಮೂಲೆ, ಪ್ಲೇಟು, ಸಾಧನದ ಕಾಲು ಇವುಗಳ ಫೋಟೊ ತೆಗೆದಿಡಿ. ಮುಂದೆ ಯಾವುದೋ ದಿನದ ಅಂಕಿ ವಿಚಿತ್ರವಾಗಿ ಕಂಡರೆ ತಪ್ಪು ಪಿಚರನದೋ ಜೋಡಣೆಯದೋ ಎಂದು ಆ ಫೋಟೊ ನೋಡಿದರೆ ತಿಳಿಯುತ್ತದೆ.

ಸ್ಕೋರ್‌ಪುಸ್ತಕ

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ. ನಾನು ಪಂದ್ಯದ ದಿನ ದಾಖಲೆ ಬರೆಯುವವನು, ಆದ್ದರಿಂದ ಆ ಕಡೆಯ ವಿಚಾರ ಮಾತ್ರ ಸೇರಿಸುತ್ತೇನೆ.

ಎಲ್ಲವನ್ನೂ ಸಾಧನವೇ ಮಾಡುತ್ತದೆ ಎಂದು ಜನ ಭಾವಿಸುತ್ತಾರೆ. ಎಸೆದವನು ಯಾರು, ಬ್ಯಾಟರ್ ಯಾರು, ಆಗ ಬಾಲ್-ಸ್ಟ್ರೈಕ್ (ಕೆಟ್ಟ ಎಸೆತ, ಒಳ್ಳೆಯ ಎಸೆತಗಳ) ಎಣಿಕೆ ಎಷ್ಟಿತ್ತು ಎಂಬುದು ರಾಡಾರಿಗೆ ಹೇಗೆ ಗೊತ್ತಾಗಬೇಕು? ಅದನ್ನು ಒಬ್ಬರು ಕೂತು ಬರೆಯಲೇಬೇಕು. ಪಿಚರ್ ಬದಲಾದಾಗ ಹೆಸರು ಬದಲಾಯಿಸುವುದನ್ನು ಮರೆತರೆ ಇಡೀ ಇನ್ನಿಂಗ್ಸ್ ಇನ್ನೊಬ್ಬರ ಖಾತೆಗೆ ಸೇರುತ್ತದೆ. ಹಾಗಾಗಿ ಬರೆಯುವವರ ಪಕ್ಕದಲ್ಲಿ ಕೂಗಿ ಹೇಳುವ ಇನ್ನೊಬ್ಬರು ಇರಲಿ. ನಿಮ್ಮ ಇಬ್ಬರು ಪೋಷಕರು ಇದಕ್ಕೆ ಸರಿಯಾಗುತ್ತಾರೆ. ಒಬ್ಬರು ಆಟ ನೋಡುತ್ತಾ ‘ಹನ್ನೆರಡನೇ ನಂಬರ್, ಫಾಸ್ಟ್‌ಬಾಲ್, ಸ್ಟ್ರೈಕ್, ಬೀಸಿ ತಪ್ಪಿಸಿದ’ ಎಂದು ಹೇಳುವುದು, ಇನ್ನೊಬ್ಬರು ತಲೆ ಎತ್ತದೆ ಬರೆಯುವುದು.

ಪಿಚ್‌ನ ಬಗೆಯನ್ನು ಸಾಧನದ ಊಹೆಗೆ ಬಿಡಬೇಡಿ. ಚಿಕ್ಕ ವಯಸ್ಸಿನವರ ಚೇಂಜಪ್ (ಫಾಸ್ಟ್‌ಬಾಲ್‌ನಂತೆಯೇ ಕಾಣುವ ನಿಧಾನದ ಎಸೆತ) ಮತ್ತು ಫಾಸ್ಟ್‌ಬಾಲ್ ನಡುವೆ ವೇಗದ ಅಂತರ ಕಡಿಮೆ, ಕೆಳಕ್ಕೆ ಬಾಗಬೇಕಾದ ಕರ್ವ್‌ಬಾಲ್ ಪಕ್ಕಕ್ಕೆ ಸರಿಯುವ ಸ್ಲೈಡರ್‌ನಂತೆ ಅರ್ಧಂಬರ್ಧ ಬರುತ್ತದೆ. ಇನ್ನಿಂಗ್ಸ್ ಮುಗಿದಾಗ ಕ್ಯಾಚರನ್ನು ಕೇಳಿ, ಅವನಿಗೆ ಎಲ್ಲವೂ ನೆನಪಿರುತ್ತದೆ.

ಗಡಿಯಾರದ ವಿಷಯ ಮರೆಯಬೇಡಿ. ರಾಡಾರ್ ಜೋಡಿಸಿದ ಟ್ಯಾಬ್ಲೆಟ್, ಕ್ಯಾಮೆರಾ, ಸ್ಕೋರ್ ಬರೆಯುವ ಫೋನ್ ಮೂರರ ಸಮಯವೂ ಪಂದ್ಯಕ್ಕೆ ಮುಂಚೆ ಒಂದೇ ಆಗಿರಬೇಕು. ಇಲ್ಲದಿದ್ದರೆ ವಿಡಿಯೊಗೂ ಅಂಕಿಗೂ ಗಂಟು ಹಾಕುವ ಕೆಲಸದಲ್ಲಿ ನಿಮ್ಮ ಸಂಜೆಯೆಲ್ಲ ಹೋಗುತ್ತದೆ. ಮೈದಾನದ ಇಂಟರ್ನೆಟ್ ನಂಬಬೇಡಿ, ಎಲ್ಲವೂ ಸಾಧನದಲ್ಲೇ ಉಳಿದು ಆಮೇಲೆ ಹೊರತೆಗೆಯುವಂತಿರಲಿ. ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಇದೊಂದೇ: ನಮ್ಮ ದತ್ತಾಂಶವನ್ನು ಸಿಎಸ್‌ವಿ (ಎಕ್ಸೆಲ್‌ನಂಥ ತಂತ್ರಾಂಶದಲ್ಲಿ ತೆರೆಯುವ) ಕಡತವಾಗಿ ಪೂರ್ತಿ ಇಳಿಸಿಕೊಳ್ಳಬಹುದೇ? ಚಂದಾ ನಿಲ್ಲಿಸಿದ ಮೇಲೂ ಅದು ನಮ್ಮ ಬಳಿ ಇರುತ್ತದೆಯೇ?

ಎರಡನೇ ಬೇಸ್

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ನಿನ್ನೆ ಬೇರೊಂದು ತಂಡದವರಿಂದ ಒಂದು ರಾಡಾರ್ ಸಾಧನ ಎರವಲು ತಂದು ನೋಡಿದೆವು. ಎರಡು ಸಂದೇಹಗಳಿವೆ. ಮೊದಲನೆಯದು, ಮೂರನೇ ಬೇಸ್ ಕಡೆಯ ಡಗ್‌ಔಟ್ (ತಂಡ ಕೂರುವ ಜಾಗ) ಪಕ್ಕದಿಂದ ಅಳೆದರೆ ನಮ್ಮ ಹಳೆಯ ಗನ್ನಿಗಿಂತ ವೇಗ ಕಡಿಮೆ ಬರುತ್ತಿದೆ. ಯಾವುದನ್ನು ನಂಬುವುದು? ಎರಡನೆಯದು, ಒಳಾಂಗಣದ ಬ್ಯಾಟಿಂಗ್ ಕೇಜ್‌ನಲ್ಲಿ (ಬಲೆ ಸುತ್ತಿದ ಅಭ್ಯಾಸದ ಜಾಗದಲ್ಲಿ) ಯಾರೂ ಎಸೆಯದಿದ್ದಾಗಲೂ ಪರದೆಯ ಮೇಲೆ ಅಂಕಿ ಮೂಡುತ್ತದೆ. ಸಾಧನ ಕೆಟ್ಟಿದೆಯೇ?

ಬುಲ್‌ಪೆನ್ ಮೂಲೆ

ಸಾಧನ ಕೆಟ್ಟಿಲ್ಲ ಸರ್, ಎರಡಕ್ಕೂ ಕಾರಣವಿದೆ.

ಡಾಪ್ಲರ್ ರಾಡಾರ್ ಅಳೆಯುವುದು ಚೆಂಡು ತನ್ನ ಕಡೆಗೆ ಬರುವ ಅಥವಾ ತನ್ನಿಂದ ದೂರ ಹೋಗುವ ವೇಗವನ್ನು ಮಾತ್ರ. ಅಡ್ಡಡ್ಡ ಹೋಗುವ ಚಲನೆ ಅದಕ್ಕೆ ಕಾಣುವುದೇ ಇಲ್ಲ. ಚೆಂಡಿನ ದಾರಿಗೂ ರಾಡಾರಿನ ನೋಟಕ್ಕೂ ನಡುವಿನ ಕೋನ 10 ಡಿಗ್ರಿ ಇದ್ದರೆ ನಷ್ಟ ಶೇ 1.5ರಷ್ಟು, 20 ಡಿಗ್ರಿಯಾದರೆ ಶೇ 6, 30 ಡಿಗ್ರಿಯಾದರೆ ಶೇ 13ಕ್ಕೂ ಹೆಚ್ಚು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಎಸೆದ ಹುಡುಗನಿಗೆ ಪಕ್ಕದಿಂದ 20 ಡಿಗ್ರಿಯಲ್ಲಿ ನಿಂತ ರಾಡಾರ್ ಸುಮಾರು 103 ಎಂದು ಹೇಳುತ್ತದೆ. ಡಗ್‌ಔಟ್ ಪಕ್ಕದ ಜಾಗ ಅದಕ್ಕಿಂತಲೂ ಓರೆ. ಪ್ಲೇಟಿನ ಹಿಂದೆ, ದಾರದ ಗೆರೆಯಲ್ಲೇ, ಬಲೆಯ ಆಚೆ ನಿಲ್ಲಿಸಿ. ನೈಲಾನ್ ಬಲೆ ರಾಡಾರಿಗೆ ಅಡ್ಡಿಯಲ್ಲ. ಲೋಹದ ತಂತಿ ಬೇಲಿಯಾದರೆ ತೊಂದರೆ ಕೊಡಬಹುದು, ಅಲ್ಲಿ ಬೇಲಿಯ ಮೇಲಿನಿಂದ ನೋಡುವಂತೆ ಎತ್ತರಿಸಬೇಕಾಗುತ್ತದೆ. ಎತ್ತರವೂ ಒಂದು ಕೋನವೇ ಎಂಬುದು ನೆನಪಿರಲಿ.

ಇನ್ನೊಂದು ವಿಷಯ: ಚೆಂಡು ಕೈ ಬಿಟ್ಟಾಗಿನ ವೇಗ ಬೇರೆ, ಪ್ಲೇಟ್ ತಲುಪಿದಾಗಿನ ವೇಗ ಬೇರೆ. ಗಾಳಿಯ ಎಳೆತಕ್ಕೆ ಸುಮಾರು ಶೇ 8ರಿಂದ 10ರಷ್ಟು ವೇಗ ದಾರಿಯಲ್ಲೇ ಕಳೆದುಹೋಗುತ್ತದೆ. ಎರಡು ಗನ್‌ಗಳು ದಾರಿಯ ಬೇರೆ ಬೇರೆ ಜಾಗದಲ್ಲಿ ಚೆಂಡನ್ನು ಹಿಡಿದಿದ್ದರೆ ಎರಡೂ ತಮ್ಮ ಮಟ್ಟಿಗೆ ಸರಿಯೇ. ಯಾವುದು ಏನನ್ನು ಹೇಳುತ್ತಿದೆ ಎಂದು ತಿಳಿಯಲು ಮೊಬೈಲಿನಿಂದಲೇ ಒಂದು ಪರೀಕ್ಷೆ ಮಾಡಬಹುದು, ಇದನ್ನು ನಾನು ಪ್ರತಿ ಹೊಸ ಜಾಗದಲ್ಲೂ ಮಾಡುತ್ತೇನೆ.

ಸೆಕೆಂಡಿಗೆ 240 ಚೌಕಟ್ಟು (ಫ್ರೇಮ್) ತೆಗೆಯುವ ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ಪಿಚರ್ ಮತ್ತು ಕ್ಯಾಚರ್ ಇಬ್ಬರೂ ಕಾಣುವಂತೆ ಚಿತ್ರೀಕರಿಸಿ. ಬೆರಳ ತುದಿಯಿಂದ ಚೆಂಡು ಬಿಟ್ಟ ಚೌಕಟ್ಟಿನಿಂದ ಕ್ಯಾಚರನ ಗ್ಲೌಸ್ ಹಿಂದಕ್ಕೆ ಜರುಗಿದ ಚೌಕಟ್ಟಿನವರೆಗೆ ಎಣಿಸಿ. ಹುಡುಗ ರಬ್ಬರಿನಿಂದ 1.6 ಮೀಟರ್ ಮುಂದೆ ಚೆಂಡು ಬಿಟ್ಟ, ಗ್ಲೌಸ್ ಪ್ಲೇಟಿನ ತುದಿಯಿಂದ 60 ಸೆಂಟಿಮೀಟರ್ ಹಿಂದಿತ್ತು ಎಂದಿಟ್ಟುಕೊಳ್ಳಿ. ಚೆಂಡು ಸಾಗಿದ ದೂರ 17.44 ಮೀಟರ್. 143 ಚೌಕಟ್ಟು ಬಂದರೆ ಸಮಯ 0.596 ಸೆಕೆಂಡ್, ಸರಾಸರಿ ವೇಗ ಗಂಟೆಗೆ ಸುಮಾರು 105 ಕಿಲೋಮೀಟರ್. ಬಿಟ್ಟಾಗಿನ ವೇಗ ಸರಾಸರಿಗಿಂತ ಶೇ 4ರಿಂದ 5ರಷ್ಟು ಹೆಚ್ಚಿರಬೇಕಾದ್ದರಿಂದ ರಾಡಾರ್ 110ರ ಆಸುಪಾಸು ತೋರಿಸಿದರೆ ಅದನ್ನು ನಂಬಿ. 103 ಎಂದರೆ ಜಾಗ ಬದಲಿಸಿ. ಎಣಿಕೆಯಲ್ಲಿ ಒಂದು ಚೌಕಟ್ಟು ಹೆಚ್ಚುಕಡಿಮೆಯಾದರೂ ಶೇ 1ಕ್ಕಿಂತ ಹೆಚ್ಚು ತಪ್ಪಾಗುವುದಿಲ್ಲ.

ಕೇಜ್‌ನೊಳಗೆ ತಾನಾಗಿ ಮೂಡುವ ಅಂಕಿಗೆ ಕಾರಣ ಬಹುತೇಕ ಫ್ಯಾನ್. ತಿರುಗುವ ರೆಕ್ಕೆ, ಅಲುಗಾಡುವ ಬಲೆ, ಪಕ್ಕದ ಸಾಲಿನಲ್ಲಿ ಬ್ಯಾಟ್ ಬೀಸುವವರು ಎಲ್ಲವೂ ರಾಡಾರಿಗೆ ಚಲನೆಯೇ. 24 ಗಿಗಾಹರ್ಟ್ಸ್ ರಾಡಾರಿನ ಮುಂದೆ ಸೆಕೆಂಡಿಗೆ 40 ಮೀಟರ್ ವೇಗದ ಚೆಂಡು ಉಂಟುಮಾಡುವ ಆವರ್ತನದ ವ್ಯತ್ಯಾಸ 6,400 ಹರ್ಟ್ಸ್ ಅಷ್ಟೇ. ಆ ಸಣ್ಣ ವ್ಯತ್ಯಾಸವನ್ನು ಹೆಕ್ಕಿ ತೆಗೆಯುವ ಸಾಧನಕ್ಕೆ ಫ್ಯಾನಿನ ರೆಕ್ಕೆಯೂ ಕಾಣದೆ ಇರುತ್ತದೆಯೇ? ಫ್ಯಾನ್ ಆರಿಸಿ, ಕನಿಷ್ಠ ವೇಗದ ಮಿತಿಯನ್ನು ಏರಿಸಿ.

ಒಳಾಂಗಣಕ್ಕೆ ಇನ್ನೂ ಒಂದು. ಅಗ್ಗದ ಎಲ್‌ಇಡಿ ದೀಪಗಳು ವಿದ್ಯುತ್ ಪೂರೈಕೆಯ ಆವರ್ತನದ ಎರಡರಷ್ಟು ವೇಗದಲ್ಲಿ ಮಿಣುಕುತ್ತವೆ. ಕಣ್ಣಿಗೆ ಕಾಣದಿದ್ದರೂ ಸ್ಲೋ ಮೋಷನ್‌ನಲ್ಲಿ ಚಿತ್ರ ಬೆಳಗಿ ಮಂಕಾಗಿ ಹೊಲಿಗೆ ಕಳೆದುಹೋಗುತ್ತದೆ. ನಿಮಿಷಕ್ಕೆ 2,200 ಸುತ್ತು ತಿರುಗುವ ಚೆಂಡು 240 ಚೌಕಟ್ಟಿನ ಕ್ಯಾಮೆರಾದಲ್ಲಿ ಪ್ರತಿ ಚೌಕಟ್ಟಿಗೆ 55 ಡಿಗ್ರಿ ತಿರುಗಿರುತ್ತದೆ. ಅದರಲ್ಲೂ ಒಂದೆರಡು ಚೌಕಟ್ಟು ಮಂಕಾದರೆ ಚೆಂಡು ಯಾವ ಅಕ್ಷದ ಸುತ್ತ ತಿರುಗಿತೆಂದು ಹೇಳಲು ಏನೂ ಉಳಿಯುವುದಿಲ್ಲ. ಶಟರ್ ವೇಗ ಕನಿಷ್ಠ ಸೆಕೆಂಡಿನ 2,000ದ ಒಂದು ಭಾಗ ಇರಲಿ. ಅದಕ್ಕೆ ಸಾಕಾಗುವಷ್ಟು ಬೆಳಕು ಬೇಕು, ಬೆಳಕಿಗೂ ಸ್ವಲ್ಪ ಹಣ ಎತ್ತಿಡಿ. ಮಣ್ಣು ಮೆತ್ತಿ ಕಂದಾದ ಚೆಂಡಿನಲ್ಲಿ ಹೊಲಿಗೆ ಕಾಣುವುದಿಲ್ಲ, ಅಳತೆಗೆಂದೇ ಕೆಲವು ಶುಭ್ರ ಚೆಂಡುಗಳನ್ನು ಬೇರೆ ಇಡಿ.

ಬ್ಯಾಟಿಂಗ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕೇಜ್‌ನಲ್ಲಿ ಚೆಂಡು ಕೆಲವೇ ಮೀಟರ್ ಹೋಗಿ ಬಲೆಗೆ ಬೀಳುತ್ತದೆ, ಆದ್ದರಿಂದ ಪರದೆ ತೋರಿಸುವ ‘ದೂರ’ ಲೆಕ್ಕ ಹಾಕಿದ್ದು, ಅಳೆದದ್ದಲ್ಲ. ಹೊರಟ ವೇಗ ಮತ್ತು ಕೋನ ನೋಡಿ, ದೂರವನ್ನು ಮರೆಮಾಡಿ. ಬ್ಯಾಟಿನ ಹಿಡಿಯ ತುದಿಗೆ ಹಾಕುವ ಬ್ಲಾಸ್ಟ್ ಮೋಷನ್‌ನಂಥ ಸೆನ್ಸರ್ ಬ್ಯಾಟಿನ ಚಲನೆಯನ್ನು ಮಾತ್ರ ಅಳೆಯುತ್ತದೆ, ಚೆಂಡಿನದಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಹಳೆಯ ಎಡಗೈ

ಇಷ್ಟು ಚೆನ್ನಾದ ಮಾಹಿತಿಯ ನಡುವೆ ಒಂದು ಕಳಕಳಿಯ ಮಾತು. ನಾನು ಎಡಗೈ ಪಿಚರ್ ಆಗಿ ಆಡಿ, ಈಗ ಇದೇ ವಯಸ್ಸಿನ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ವೇಗದ ಅಂಕಿ ಕಾಣುವ ಪರದೆಯನ್ನು ಪಿಚರ್ ಕಡೆಗೆ ತಿರುಗಿಸಬೇಡಿ. 15 ವರ್ಷದ ಹುಡುಗನ ಎದುರು 118 ಎಂದು ಮೂಡಿದ ಕೂಡಲೇ ಅವನಿಗೆ 120 ಬೇಕಾಗುತ್ತದೆ. ಮುಂದಿನ ಹತ್ತು ಎಸೆತಗಳಲ್ಲಿ ಅವನ ಭುಜ ಮೊದಲೇ ತೆರೆದುಕೊಳ್ಳುತ್ತದೆ, ಮೊಣಕೈ ಕೆಳಗಿಳಿಯುತ್ತದೆ, ಸ್ನೇಹಿತರು ಹಿಂದಿನಿಂದ ಅಂಕಿ ಕೂಗುತ್ತಿರುತ್ತಾರೆ. ಮೊಣಕೈಯ ಒಳಭಾಗದ ಅಸ್ಥಿಬಂಧಕ್ಕೆ ಬೀಳುವ ಎಳೆತ ಯಾವ ಪರದೆಯಲ್ಲೂ ಕಾಣುವುದಿಲ್ಲ.

ವೇಗಕ್ಕಿಂತ ಮೊದಲು ಈ ವ್ಯವಸ್ಥೆಯಲ್ಲಿ ದಾಖಲಾಗಬೇಕಾದುದು ಎಸೆತಗಳ ಎಣಿಕೆ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಹೊರಡಿಸಿದ ಪಿಚ್ ಸ್ಮಾರ್ಟ್ ಮಾರ್ಗಸೂಚಿಯ ಪ್ರಕಾರ 13ರಿಂದ 16 ವರ್ಷದವರಿಗೆ ಒಂದು ದಿನದ ಮಿತಿ 95 ಎಸೆತ. 15-16 ವರ್ಷದವನು 76 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. 13-14ರವನಿಗೆ 66 ಮುಟ್ಟಿದರೂ ಅಷ್ಟೇ ವಿಶ್ರಾಂತಿ ಬೇಕು. ಈ ಮಿತಿ ಪಂದ್ಯದ ಎಸೆತಗಳಿಗೆ, ಆದರೆ ನಿಮ್ಮ ಬುಲ್‌ಪೆನ್ ಸಾಧನ ಪ್ರತಿ ಎಸೆತವನ್ನೂ ದಿನಾಂಕದೊಂದಿಗೆ ಬರೆದಿಡುತ್ತದೆಯಲ್ಲ, ಅಭ್ಯಾಸದ ಎಣಿಕೆಯನ್ನೂ ಅದರ ಪಕ್ಕದಲ್ಲಿಟ್ಟು ನೋಡಿ. ಶನಿವಾರ ಪಂದ್ಯವಾಡಿದವನು ಸೋಮವಾರ ‘ಸ್ಪಿನ್ ನೋಡೋಣ’ ಎಂದು ಮತ್ತೆ ಎಸೆಯುತ್ತಿದ್ದರೆ ಆ ಪಟ್ಟಿಯೇ ನಿಮಗೆ ಹೇಳುತ್ತದೆ.

ಒಂದು ಅಭ್ಯಾಸಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಇವನ ಚೇಂಜಪ್ ಫಾಸ್ಟ್‌ಬಾಲ್ ಬಿಟ್ಟ ಜಾಗದಿಂದಲೇ ಹೊರಡುತ್ತಿದೆಯೇ? ಇಂದು ಅಷ್ಟೇ ನೋಡಿ. ಹುಡುಗನಿಗೂ ಅದು ಅರ್ಥವಾಗುತ್ತದೆ.

ಎರಡನೇ ಬೇಸ್

ಹಳೆಯ ಎಡಗೈ ಅವರೇ, ನಿಮ್ಮ ಮಾತನ್ನು ನಮ್ಮ ಮುಖ್ಯ ತರಬೇತುದಾರರಿಗೆ ಓದಿ ಹೇಳಿದೆ. ಪರದೆಯನ್ನು ಕ್ಯಾಚರ್ ಹಿಂದೆ ತರಬೇತುದಾರರ ಕಡೆಗೇ ಇಡುವುದೆಂದು ಒಪ್ಪಿದರು. ಬುಲ್‌ಪೆನ್‌ಗೆ ನೆಲದ ಮೇಲಿಡುವ ಸಾಧನ, ಪಂದ್ಯಕ್ಕೆ ಟ್ರೈಪಾಡ್ ರಾಡಾರ್ ಎಂದು ಸದ್ಯಕ್ಕೆ ನಿರ್ಧರಿಸಿದ್ದೇವೆ. ಕೊನೆಯದಾಗಿ ಒಂದೇ ಪ್ರಶ್ನೆ: ಎದುರಾಳಿ ತಂಡದ ಪಿಚರ್‌ಗಳ ಅಂಕಿಗಳೂ ನಮ್ಮಲ್ಲಿ ದಾಖಲಾಗುತ್ತವೆ. ಅವನ್ನು ಏನು ಮಾಡಬೇಕು?

ಸ್ಕೋರ್‌ಪುಸ್ತಕ

ಪಂದ್ಯಕ್ಕೆ ಮುಂಚೆ ಎದುರಾಳಿ ತರಬೇತುದಾರರಿಗೂ ಅಂಪೈರಿಗೂ ಸಾಧನ ತೋರಿಸಿ, ಎಲ್ಲಿ ನಿಲ್ಲಿಸುತ್ತೀರಿ, ಏನು ಅಳೆಯುತ್ತೀರಿ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಪಂದ್ಯ ನಡೆಯುವಾಗ ಡಗ್‌ಔಟ್‌ಗೆ ಯಾವ ಅಂಕಿಯೂ ಹೋಗಬಾರದು, ಟ್ಯಾಬ್ಲೆಟ್ ಬಲೆಯ ಆಚೆ ಇರುವ ಪೋಷಕರ ಕೈಯಲ್ಲೇ ಇರಲಿ. ನಿಮ್ಮ ಲೀಗಿನ ನಿಯಮದಲ್ಲಿ ವಿದ್ಯುನ್ಮಾನ ಸಾಧನಗಳ ಬಗ್ಗೆ ಏನಿದೆ ಎಂದು ಮೊದಲೇ ಓದಿಕೊಳ್ಳಿ. ಪಂದ್ಯ ಮುಗಿದ ಮೇಲೆ ಅವರ ಪಿಚರ್‌ಗಳ ಕಡತವನ್ನು ಅವರಿಗೇ ಕಳುಹಿಸಿ. ನಿಮ್ಮ ಬಳಿ ಉಳಿಯುವ ಪ್ರತಿಯಲ್ಲಿ ಹೆಸರು ಬೇಡ, ಅಂಗಿಯ ನಂಬರ್ ಸಾಕು. ಅವರೆಲ್ಲ ಅಪ್ರಾಪ್ತ ವಯಸ್ಸಿನವರು, ಅದನ್ನು ಎಲ್ಲಿಯೂ ಬಹಿರಂಗವಾಗಿ ಹಾಕಬೇಡಿ. ನಿಮ್ಮ ತಂಡದ ಮಕ್ಕಳ ಅಂಕಿಗಳಿಗೂ ಪೋಷಕರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ಮಗು ತಂಡ ಬಿಟ್ಟರೆ ಅವನ ಕಡತವನ್ನು ಅವನ ಮನೆಯವರಿಗೆ ಕೊಟ್ಟುಬಿಡಿ.